ತುಟಿಯ ಗೆರೆ, ವುಝೂವಿನ ನೀರು

ಸೇಡಂ ತಾಲೂಕಿನ ಕೋಡ್ಲಾದ ಒಂದು ಮದುವೆ ಮನೆ. ಹಿಂದಿನ ಕೋಣೆಯಲ್ಲಿ ಮದುಮಗಳ ಸಿಂಗಾರ ನಡೆದಿತ್ತು. ಸಿಂಗಾರ ಮಾಡುವ ಹುಡುಗಿ ಲಿಪ್ ಲೈನರ್ ಪೆನ್ಸಿಲು ಕೈಗೆತ್ತಿಕೊಂಡು, "ಇದರಲ್ಲಿ ಮೇಣ ಜಾಸ್ತಿ, ಎಣ್ಣೆ ಕಡಿಮೆ. ಮೇಲೆ ಹಚ್ಚಿದ ಬಣ್ಣ ಗೆರೆ ದಾಟೋದಿಲ್ಲ, ಬಹಳ ಹೊತ್ತು ನಿಲ್ಲುತ್ತೆ" ಎಂದಳು. ಮದುಮಗಳು ಥಟ್ಟನೆ ಕೇಳಿದಳು: "ಮೇಣ ಇದ್ದರೆ ವುಝೂವಿನ ನೀರು ತುಟಿಗೆ ತಾಗೋದು ಹೇಗೆ?" ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಹಿರಿಯಾಕೆ ತಲೆಯೆತ್ತದೆ ಹೇಳಿದರು: "ಮೊದಲು ವುಝೂ ಮಾಡಿ ಅಸರ್ ಮುಗಿಸು, ಆಮೇಲೆ ಗೆರೆ ಎಳೆಸಿಕೋ. ವುಝೂ ಉಳಿದರೆ ಮಗ್‌ರಿಬ್‌ಗೂ ಆಯಿತು. ಮುರಿದರೆ ಎಣ್ಣೆ ಹಚ್ಚಿ ಒರೆಸು, ಮತ್ತೆ ವುಝೂ ಮಾಡು."

ಹುಡುಗಿ ಎದ್ದು ಹೋಗಿ ನಮಾಝ್ ಮುಗಿಸಿ ಬಂದಳು. ಪೆನ್ಸಿಲು ಮೇಲ್ದುಟಿಯ ನಡುವಿನಿಂದ ಎರಡೂ ಮೂಲೆಗಳಿಗೆ ನಿಧಾನವಾಗಿ ಇಳಿಯಿತು.

ಅಂದು ನನಗೆ ನೆನಪಾದದ್ದು ಅಲಂಕೃತಾ ಶ್ರೀವಾಸ್ತವ ಅವರ 'ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ' ಎಂಬ ಹಿಂದಿ ಚಿತ್ರ. 2017ರ ಜನವರಿಯಲ್ಲಿ ಸೆನ್ಸಾರ್ ಮಂಡಳಿ ಇದಕ್ಕೆ ಪ್ರಮಾಣಪತ್ರ ನಿರಾಕರಿಸಿತು. ಕಥೆ ಮಹಿಳಾಪ್ರಧಾನ, ಅವರ ಕನಸುಗಳು ಬದುಕನ್ನು ಮೀರಿವೆ ಎಂಬುದು ಕೊಟ್ಟ ಕಾರಣಗಳಲ್ಲೊಂದು! ಮೇಲ್ಮನವಿ ನ್ಯಾಯಮಂಡಳಿಯ ಆದೇಶದ ನಂತರ 'ಎ' ಪ್ರಮಾಣಪತ್ರದೊಡನೆ ಅದೇ ವರ್ಷ ಜುಲೈ 21ರಂದು ಚಿತ್ರ ತೆರೆ ಕಂಡಿತು. ಆ ನಿರಾಕರಣೆ ತಪ್ಪೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಿಷೇಧವನ್ನು ವಿರೋಧಿಸುವವರು ಚಿತ್ರವನ್ನು ವಿಮರ್ಶಿಸಬಾರದೆಂದೇನೂ ಇಲ್ಲವಲ್ಲ.

ಭೋಪಾಲದ ನಾಲ್ವರು ಹೆಣ್ಣುಗಳ ಕಥೆಯಿದು. ಇವರಲ್ಲಿ 55ರ ವಿಧವೆ ಉಷಾ (ರತ್ನಾ ಪಾಠಕ್ ಷಾ) ಮರೆಯಲಾಗದ ಪಾತ್ರ. ಎಲ್ಲರಿಗೂ ಬುವಾಜಿಯಾಗಿದ್ದವಳು ತನ್ನ ಹೆಸರನ್ನೇ ಮರೆತಿರುವುದು ಎದೆಗೆ ತಾಗುತ್ತದೆ. ಗಂಡನ ದಬ್ಬಾಳಿಕೆ ಸಹಿಸುತ್ತಲೇ ಗುಟ್ಟಾಗಿ ದುಡಿಯುವ ಶಿರೀನ್ (ಕೊಂಕಣಾ ಸೇನ್ ಶರ್ಮಾ) ನಮ್ಮ ಮನೆಗಳಲ್ಲೂ ಇದ್ದಾಳೆ. ಚಿತ್ರ ಸೋಲುವುದು ರೆಹಾನಾಳ ವಿಷಯದಲ್ಲಿ. ಮನೆಯಲ್ಲಿ ಬುರ್ಖಾ ಹೊಲಿಯುವ ಈ ಕಾಲೇಜು ಹುಡುಗಿ ಅಂಗಡಿಯಲ್ಲಿ ಲಿಪ್‌ಸ್ಟಿಕ್ ಕದಿಯುತ್ತಾಳೆ. ಇಲ್ಲಿ ಬುರ್ಖಾ ಎಂದರೆ ಬಂಧನ, ಲಿಪ್‌ಸ್ಟಿಕ್ ಎಂದರೆ ಬಿಡುಗಡೆ. ಇಷ್ಟು ಸರಳವೇ?

ಬುರ್ಖಾದ ಕೆಳಗಿನ ಬಣ್ಣ ನಮಗೆ ಹೊಸದಲ್ಲ. ಮಿಸ್ಸಿ, ಸುರ್ಮಾ, ಮೆಹಂದಿ, ಪಾನಿನ ಕೆಂಪು ತುಟಿಗೆ ಕೂರುವ ಲಾಖಾ, ಇವಕ್ಕೆಲ್ಲ ಉರ್ದುವಿನಲ್ಲಿ ಹೆಸರುಗಳಿವೆ ಎಂದರೆ ಬಳಸಿದ ಕೈಗಳೂ ಇದ್ದವು ಎಂದೇ ಅರ್ಥ. ಬುರ್ಖಾ ಬಲವಂತವಾಗಿರುವ ಮನೆಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಇವೆ, ಅದನ್ನು ಬರೆಯಲೇಬೇಕು. ಆದರೆ ಗೆರೆಯೂ ಬೇಕು, ವುಝೂವೂ ಬೇಕು ಎನ್ನುವ ಹುಡುಗಿಗೆ ಈ ಚಿತ್ರದಲ್ಲಿ ಜಾಗವಿಲ್ಲ.

ಈ ದೋಷ ಚಿತ್ರದ್ದು ಮಾತ್ರವಲ್ಲ. ನನ್ನ ಆರಂಭದ ಕಥೆಯೊಂದರಲ್ಲಿ ತುಟಿಗೆ ಬಣ್ಣ ಹಚ್ಚಿದವಳು ಕೊನೆಗೆ ಮನೆ ಮುರಿಯುತ್ತಾಳೆ. ಆಕೆಯ ಸ್ವಭಾವ ಬರೆಯುವ ಶ್ರಮ ಉಳಿಸಿಕೊಳ್ಳಲು ನಾನು ಲಿಪ್‌ಸ್ಟಿಕ್ ಹಚ್ಚಿಸಿದ್ದೆ! ಒಬ್ಬರಿಗೆ ಬಣ್ಣ ಪಾಪದ ಗುರುತು, ಇನ್ನೊಬ್ಬರಿಗೆ ಬಂಡಾಯದ ಬಾವುಟ. ಇಬ್ಬರೂ ಹೆಣ್ಣಿನ ತುಟಿಯ ಮೇಲೆ ತಮ್ಮ ತೀರ್ಪನ್ನೇ ಬರೆದವರು. ಬಾನು ಮುಷ್ತಾಕ್ ಎತ್ತರ ಹಿಮ್ಮಡಿಯ ಚಪ್ಪಲಿ ಕುರಿತು ಬರೆದ ಕಥೆಯನ್ನು ನೋಡಿ. ಅಲ್ಲಿ ಚಪ್ಪಲಿ ಪಾಪವೂ ಅಲ್ಲ, ಬಿಡುಗಡೆಯೂ ಅಲ್ಲ. ಅದು ಗಂಡನ ಗೀಳು, ಅದರ ನೋವು ಬಸುರಿ ಹೆಂಡತಿಯದು. ವಸ್ತು ಯಾರ ಇಚ್ಛೆಯಿಂದ ಬಂತು, ಭಾರ ಹೊತ್ತವರು ಯಾರು ಎಂದು ಕೇಳಿದ್ದರಿಂದಲೇ ಆ ಕಥೆ ಗೆದ್ದಿತು.

ಕೋಡ್ಲಾದ ಆ ಕೋಣೆಯಲ್ಲಿ ಯಾರೂ ತೀರ್ಪು ಕೊಡಲಿಲ್ಲ. ಒಬ್ಬಳು ಸಂಶಯ ಕೇಳಿದಳು, ಇನ್ನೊಬ್ಬರು ದಾರಿ ಹೇಳಿದರು, ಮೂರನೆಯವಳು ಕೈ ನಡುಗದಂತೆ ಗೆರೆ ಎಳೆದಳು. ಈ ಮೂವರನ್ನೂ ಒಟ್ಟಿಗೆ ಕಾಣಬಲ್ಲ ಚಿತ್ರವನ್ನೋ ಕಥೆಯನ್ನೋ ನಾವಿನ್ನೂ ಮಾಡಬೇಕಾಗಿದೆ.