ಇಲ್ಲದ್ದನ್ನು ಮಾರುವ ಭಾಷೆ

ಶಾಂಪೂ ಬಾಟಲಿಯ ಮುಂಭಾಗವನ್ನು ಒಂದು ಪಠ್ಯವೆಂದು ಓದಲು ಹೊರಟರೆ ಮೊದಲು ಎದುರಾಗುವುದು ನಕಾರ. ಪ್ಯಾರಾಬೆನ್ ಇಲ್ಲ, ಸಲ್ಫೇಟ್ ಇಲ್ಲ, ಸಿಲಿಕೋನ್ ಇಲ್ಲ, ಕೃತಕ ಬಣ್ಣ ಇಲ್ಲ. ಕೊನೆಗೊಂದು ಹಸಿರು ಎಲೆ, ಅದರ ಪಕ್ಕ ‘ಟಾಕ್ಸಿನ್ ಫ್ರೀ’ ಎಂಬ ಮುದ್ರೆ. ಸೀರೆ ಮಾರುವವರು ಸೀರೆಯಲ್ಲಿ ಏನೇನಿಲ್ಲ ಎಂದು ಹೇಳಿ ವ್ಯಾಪಾರ ಮಾಡುವುದಿಲ್ಲ. ಮೈಗೆ, ತಲೆಗೆ, ಮುಖಕ್ಕೆ ಹಚ್ಚುವ ವಸ್ತುಗಳು ಮಾತ್ರ ಈಗ ತಮ್ಮಲ್ಲಿ ಇಲ್ಲದಿರುವುದರ ಬಲದಿಂದಲೇ ಮಾರಾಟವಾಗುತ್ತಿವೆ.

ನಾನು ನಾಗಸಂದ್ರದಲ್ಲಿ ಬಾಡಿಗೆಗಿರುವ ಸಂಶೋಧನಾ ವಿದ್ಯಾರ್ಥಿನಿ. ಇಲ್ಲಿ ಮೆಟ್ರೊ ಮಗ್ಗುಲಲ್ಲೇ 2022ರ ಜೂನ್‌ನಲ್ಲಿ ತೆರೆದ ಐಕಿಯಾ ಇದೆ; ತುಮಕೂರು ರಸ್ತೆಯುದ್ದಕ್ಕೂ ದೊಡ್ಡ ಸೂಪರ್ ಮಾರ್ಕೆಟ್‌ಗಳಿವೆ; ಅವುಗಳ ಬೆನ್ನಿಗೆ ಪೀಣ್ಯದ ಕಾರ್ಖಾನೆಗಳು, ಗಾರ್ಮೆಂಟ್ಸ್‌ಗೆ ಹೋಗಿಬರುವವರ ವಠಾರಗಳು, ಪೆಟ್ಟಿಗೆ ಅಂಗಡಿಗಳು. ಸೂಪರ್ ಮಾರ್ಕೆಟ್‌ನಲ್ಲಿ ‘ಇಲ್ಲ’ಗಳ ಬಾಟಲಿಗಳು ಕಣ್ಣಿನ ಎತ್ತರದ ಕಪಾಟಿನಲ್ಲಿರುತ್ತವೆ. ಪೆಟ್ಟಿಗೆ ಅಂಗಡಿಯಲ್ಲಿ ಶಾಂಪೂ ಪ್ಯಾಕೆಟ್‌ಗಳು ಮಾಲೆಯಂತೆ ನೇತಾಡುತ್ತವೆ. ಈ ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕೆಂಬುದು ಈ ಬರಹದ ಆಸೆ.

ಮೊದಲು ಬಾಟಲಿ. ಕಾವ್ಯಮೀಮಾಂಸೆಯ ತರಗತಿಯಲ್ಲಿ ಎಲ್ಲರೂ ಕೇಳಿರುವ ಹಳೆಯ ಉದಾಹರಣೆಯೊಂದಿದೆ: ಗಂಗೆಯಲ್ಲಿ ಹಟ್ಟಿಯಿದೆ ಎಂಬುದು. ನೀರಿನ ಮೇಲೆ ಹಟ್ಟಿ ನಿಲ್ಲಲಾರದು, ಹಾಗಾಗಿ ದಂಡೆಯಲ್ಲಿದೆ ಎಂದು ತಿಳಿಯುತ್ತೇವೆ. ಆದರೆ ದಂಡೆಯಲ್ಲಿ ಎನ್ನದೆ ಗಂಗೆಯಲ್ಲಿ ಎಂದದ್ದರಿಂದಲೇ ಆ ಹಟ್ಟಿಗೆ ತಂಪು, ಪಾವಿತ್ರ್ಯ ಎಲ್ಲ ಅಂಟಿಕೊಳ್ಳುತ್ತವೆ. ‘ಪ್ಯಾರಾಬೆನ್ ಇಲ್ಲ’ ಎಂಬ ಮಾತು ಕೆಲಸ ಮಾಡುವುದೂ ಹೀಗೆಯೇ. ಅದರ ವಾಚ್ಯಾರ್ಥ ಒಂದು ಸಣ್ಣ ಸಂಗತಿ: ಇದು ಕೆಡದಂತೆ ನಾವು ಇಂಥ ರಾಸಾಯನಿಕ ಬಳಸಿಲ್ಲ. ವ್ಯಂಗ್ಯಾರ್ಥ ದೊಡ್ಡದು: ಪಕ್ಕದ ಬಾಟಲಿಯಲ್ಲಿ ವಿಷವಿದೆ, ಇದರಲ್ಲಿಲ್ಲ. ವಾಚ್ಯ ನಿಜ. ಬೆಲೆ ಕೊಡುವುದು ಮಾತ್ರ ವ್ಯಂಗ್ಯಕ್ಕೆ.

ಈ ವ್ಯಂಗ್ಯ ಎಷ್ಟು ಗಟ್ಟಿ ಎಂದು ನೋಡಲು ಪ್ಯಾರಾಬೆನ್‌ನ ಕಥೆಯನ್ನೇ ತೆಗೆದುಕೊಳ್ಳಬಹುದು. 2004ರಲ್ಲಿ ಬ್ರಿಟನ್ನಿನ ಸಂಶೋಧಕರು 20 ಸ್ತನ ಗಡ್ಡೆಗಳ ಮಾದರಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಪ್ಯಾರಾಬೆನ್ ಅಂಶ ಕಂಡಿತೆಂದು ಪ್ರಕಟಿಸಿದರು. ಗಡ್ಡೆಗೆ ಅದೇ ಕಾರಣ ಎಂದು ಆ ಅಧ್ಯಯನ ಹೇಳಲಿಲ್ಲ. ಆರೋಗ್ಯವಂತ ಅಂಗಾಂಶದೊಡನೆ ಹೋಲಿಕೆಯೂ ಅದರಲ್ಲಿರಲಿಲ್ಲ. ಆದರೆ ಹೆದರಿಕೆ ಹಬ್ಬಿತು. ಯುರೋಪಿಯನ್ ಒಕ್ಕೂಟ 2014ರಲ್ಲಿ ಐದು ಬಗೆಯ ಪ್ಯಾರಾಬೆನ್‌ಗಳನ್ನು ನಿಷೇಧಿಸಿತು, ಇನ್ನೆರಡರ ಪ್ರಮಾಣಕ್ಕೆ ಮಿತಿ ಬಿಗಿಗೊಳಿಸಿತು, ಉಳಿದವನ್ನು ಮಿತಿಯೊಳಗೆ ಬಳಸಬಹುದೆಂದಿತು. ಅಂದರೆ ಪ್ಯಾರಾಬೆನ್ ಎಂಬುದು ಒಂದು ಕುಟುಂಬದ ಹೆಸರು. ಅದರೊಳಗೆ ಬಿಡಬೇಕಾದವೂ ಇವೆ, ಇಟ್ಟುಕೊಳ್ಳಬಹುದಾದವೂ ಇವೆ. ಲೇಬಲ್ಲು ಕುಟುಂಬವನ್ನೇ ಹೊರಹಾಕಿತು.

ಖಾಲಿಯಾದ ಜಾಗಕ್ಕೆ ಬೇರೆಯದು ಬರಲೇಬೇಕು, ಏಕೆಂದರೆ ನೀರಿರುವ ಕ್ರೀಮಿನಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಹಾಗೆ ಹೆಚ್ಚು ಬಳಕೆಗೆ ಬಂದವುಗಳಲ್ಲಿ ಮೀಥೈಲ್‌ಐಸೋಥಯಾಜೋಲಿನೋನ್ ಒಂದು. ಅದರಿಂದ ಚರ್ಮದ ಅಲರ್ಜಿ ಎಷ್ಟು ಹೆಚ್ಚಿತೆಂದರೆ, ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತು. ಹಚ್ಚಿ ತೊಳೆಯದೆ ಬಿಡುವ ಕ್ರೀಮು, ಲೋಷನ್ನುಗಳಲ್ಲಿ ಅದನ್ನು ಯುರೋಪು ಆಮೇಲೆ ನಿಷೇಧಿಸಿತು. ‘ಇಲ್ಲ’ ಎಂಬ ಮಾತು ಯಾವುದು ಹೋಯಿತು ಎಂದು ಹೇಳುತ್ತದೆ. ಅದರ ಜಾಗಕ್ಕೆ ಯಾವುದು ಬಂತು ಎಂದು ಹೇಳುವುದಿಲ್ಲ.

ಯುರೋಪಿನಲ್ಲಿ ಈ ವ್ಯಂಗ್ಯವನ್ನು ಗುರುತಿಸಿದವರಿದ್ದಾರೆ. ಸೌಂದರ್ಯವರ್ಧಕಗಳ ಜಾಹೀರಾತು ಮಾತುಗಳ ಬಗ್ಗೆ 2017ರಲ್ಲಿ ಸಿದ್ಧವಾದ ಅಲ್ಲಿನ ಮಾರ್ಗದರ್ಶಿಯು, ಕಾನೂನು ಒಪ್ಪಿರುವ ಪ್ಯಾರಾಬೆನ್‌ಗಳೂ ಇರುವುದರಿಂದ ‘ಪ್ಯಾರಾಬೆನ್ ಇಲ್ಲ’ ಎಂಬ ಹೇಳಿಕೆ ಇಡೀ ಗುಂಪನ್ನೇ ಹೀಗಳೆಯುತ್ತದೆ, ಅದನ್ನು ಒಪ್ಪಬಾರದು ಎನ್ನುತ್ತದೆ. ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವ ಪದಾರ್ಥವನ್ನು ಹಾಕಿ ‘ಫಾರ್ಮಾಲ್ಡಿಹೈಡ್ ಇಲ್ಲ’ ಎನ್ನುವಂತಿಲ್ಲ ಎಂದೂ ಹೇಳುತ್ತದೆ. ಇದು ಅಧಿಕಾರಿಗಳು ಮಾಡಿದ ಒಳ್ಳೆಯ ಸಾಹಿತ್ಯ ವಿಮರ್ಶೆ.

ಅಮೆರಿಕದಲ್ಲಿ ಈ ವಿಮರ್ಶೆಯ ಕೆಲಸವನ್ನು ಅಂಗಡಿಗಳೇ ವಹಿಸಿಕೊಂಡವು. ಅಲ್ಲಿನ ಸೌಂದರ್ಯವರ್ಧಕ ಕಾನೂನು 1938ರ ನಂತರ ದೊಡ್ಡದಾಗಿ ಬದಲಾದದ್ದು 2022ರ ಕೊನೆಗೆ. ಈ ನಡುವಿನ ಖಾಲಿಯಲ್ಲಿ 2018ರಲ್ಲಿ ಸೆಫೋರಾ, 2019ರಲ್ಲಿ ಟಾರ್ಗೆಟ್ ತಮ್ಮದೇ ‘ಕ್ಲೀನ್’ ಚಿಹ್ನೆಗಳನ್ನು ತಂದವು. ಇಂತಿಂಥ ಪದಾರ್ಥಗಳಿಲ್ಲದಿದ್ದರೆ ಚಿಹ್ನೆ ಸಿಗುತ್ತದೆ. ಸಂಕಲನದ ಸಂಪಾದಕ ಯಾರು ಒಳಗೆ, ಯಾರು ಹೊರಗೆ ಎಂದು ನಿರ್ಧರಿಸುವಂತೆ ಅಂಗಡಿ ನಿರ್ಧರಿಸಿತು. ಆದರೆ ಈ ಸಂಪಾದಕನಿಗೆ ಪುಸ್ತಕ ಮಾರಿದರೆ ಲಾಭವೂ ಇದೆ. ‘ಕ್ಲೀನ್’ ಎಂದರೆ ಹಾನಿಕರವಾದುದು ಇಲ್ಲ ಎಂದು ನಂಬಿದ್ದೆ ಎಂದು ಗ್ರಾಹಕಿಯೊಬ್ಬರು ಸೆಫೋರಾ ವಿರುದ್ಧ ಹೂಡಿದ ದಾವೆಯನ್ನು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 2024ರಲ್ಲಿ ವಜಾ ಮಾಡಿತು. ಪಟ್ಟಿಯಲ್ಲಿರುವ ಪದಾರ್ಥಗಳು ಇಲ್ಲ ಎಂದಷ್ಟೇ ಅಂಗಡಿ ಹೇಳಿತ್ತು, ಅವು ಇದ್ದುವೆಂದು ದಾವೆ ತೋರಿಸಿರಲಿಲ್ಲ. ವಾಚ್ಯ ಗೆದ್ದಿತು. ವ್ಯಂಗ್ಯವನ್ನು ಕೊಂಡವರು ಸೋತರು.

ನಮ್ಮ ಕಾನೂನಿನ ಮಾತು ಇದಕ್ಕಿಂತ ವಿಶಾಲವಾಗಿದೆ. ಕೊಳ್ಳುವವರಿಗೆ ಸುಳ್ಳು ಅಥವಾ ದಾರಿತಪ್ಪಿಸುವ ಯಾವುದೇ ಭಾವನೆಯನ್ನು ಸೌಂದರ್ಯವರ್ಧಕ ಮೂಡಿಸಬಾರದು ಎನ್ನುತ್ತವೆ ನಮ್ಮ ನಿಯಮಗಳು. ಸುಳ್ಳು ಹೇಳಬಾರದು ಎಂದಷ್ಟೇ ಅಲ್ಲ, ಸುಳ್ಳು ಭಾವನೆ ಮೂಡಿಸಬಾರದು. ಧ್ವನಿಯೂ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದಾಯಿತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳೂ, ಪರಿಸರದ ಹೆಸರಿನಲ್ಲಿ ‘ಕ್ಲೀನ್’, ‘ಗ್ರೀನ್’ ಎಂಬ ಸಡಿಲ ಮಾತುಗಳನ್ನು ವಿವರಣೆ, ಪುರಾವೆ ಇಲ್ಲದೆ ಬಳಸಬಾರದೆನ್ನುತ್ತವೆ. ಆದರೂ ಕಪಾಟಿನ ಮುಂದೆ ನಿಂತರೆ ಆ ಭಾವನೆ ಮೂಡುತ್ತಲೇ ಇರುತ್ತದೆ. ‘ಪ್ರಾಣಿಗಳ ಮೇಲೆ ಪ್ರಯೋಗಿಸಿಲ್ಲ’ ಎಂಬುದನ್ನೇ ನೋಡಿ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲೇ ನಿಷೇಧಿಸಿದೆ. ಕಾನೂನು ಪಾಲಿಸಿದ್ದೇವೆ ಎಂಬುದೇ ಇಲ್ಲಿ ಬಿರುದು.

‘ನೈಸರ್ಗಿಕ’ ಎಂಬ ಪದ ಈ ಎಲ್ಲ ‘ಇಲ್ಲ’ಗಳ ಹಿಂದೆ ನಿಂತಿರುವ ಒಂದೇ ‘ಇದೆ’. ಸೀಗೇಕಾಯಿ ಹಾಕಿ ಎಣ್ಣೆನೀರು ಹಾಕಿಸಿಕೊಂಡ ಯಾರನ್ನಾದರೂ ಕೇಳಿ, ಕಣ್ಣಿಗೆ ಬಿದ್ದರೆ ಎಷ್ಟು ಉರಿಯುತ್ತದೆಂದು ಹೇಳುತ್ತಾರೆ. ನಿಸರ್ಗ ಮೆತ್ತಗಿರುತ್ತದೆ ಎಂಬುದು ಅಜ್ಜಿಯರ ಅನುಭವವಲ್ಲ, ಬಾಟಲಿಯ ಕಲ್ಪನೆ. ಎಲೆಯ ಚಿತ್ರವಿರುವ ಕಪ್ಪು ಮೆಹಂದಿಯ ಪ್ಯಾಕೆಟ್ ತಿರುಗಿಸಿದರೆ ಹಲವು ಸಲ ಪ್ಯಾರಾ-ಫೀನೈಲೀನ್‌ಡೈಅಮೀನ್ ಎಂಬ ಹೆಸರು ಸಿಗುತ್ತದೆ. ಮದರಂಗಿ ಸೊಪ್ಪು ತಾನಾಗಿ ಕೂದಲನ್ನು ಕಪ್ಪು ಮಾಡುವುದಿಲ್ಲ, ಕೆಂಪಗೆ ಮಾಡುತ್ತದೆ. ಕಪ್ಪು ಬರುವುದು ಆ ರಾಸಾಯನಿಕದಿಂದ. ಕೆಲವರಿಗೆ ಅದು ತೀವ್ರ ಅಲರ್ಜಿ ತರುತ್ತದೆ.

ಇದೇ ಪ್ಯಾಕೆಟ್ಟುಗಳ ಸಾಲಿನಲ್ಲಿ ಒಂದು ಅಪರೂಪವೂ ಇದೆ. ಇಂಥ ಕೂದಲ ಬಣ್ಣಗಳ ಮೇಲೆ ಎಚ್ಚರಿಕೆಯನ್ನು ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಗಳಲ್ಲೂ ಮುದ್ರಿಸಬೇಕೆಂದು ನಿಯಮ ಹೇಳುತ್ತದೆ. ಕೆಲವರಿಗೆ ಚರ್ಮ ಉರಿಯಬಹುದು, ಮೊದಲು ಸ್ವಲ್ಪ ಹಚ್ಚಿ ಪರೀಕ್ಷಿಸಿ; ಹುಬ್ಬಿಗೆ, ರೆಪ್ಪೆಗೆ ಹಚ್ಚಬೇಡಿ, ಕಣ್ಣು ಹೋದೀತು ಎಂಬುದು ಅದರ ತಾತ್ಪರ್ಯ. ಕಣ್ಣಿಗೆ ಹತ್ತದಷ್ಟು ಸಣ್ಣ ಅಕ್ಷರ, ಒರಟು ಅನುವಾದ. ಆದರೂ ಇಡೀ ಕಪಾಟಿನಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸಿದ ವಾಕ್ಯ ಅದು. ಅದು ಯಾರನ್ನೂ ಓಲೈಸುವುದಿಲ್ಲ. ಏನಿದೆ, ಏನಾಗಬಹುದು, ಏನು ಮಾಡಬೇಕು ಎಂದು ನಮ್ಮ ಭಾಷೆಯಲ್ಲಿ ಹೇಳುತ್ತದೆ. ಕಾನೂನು ಒತ್ತಾಯಿಸಿದ್ದರಿಂದ ಹೇಳುತ್ತದೆ.

ಇನ್ನು ಪೆಟ್ಟಿಗೆ ಅಂಗಡಿಯ ಮಾಲೆ. ನಮ್ಮ ವಠಾರದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ, ಮಧುಗಿರಿ ಕಡೆಯ ಅಕ್ಕ ಒಬ್ಬರಿದ್ದಾರೆ. ಮಗಳ ನೆತ್ತಿಯಲ್ಲಿ ತುರಿಕೆ ಎದ್ದಾಗ ಒಂದು ಶಾಂಪೂ ಪ್ಯಾಕೆಟ್ ತಂದು ಕೊಟ್ಟು, “ನೀನು ಪಿಎಚ್‌ಡಿ ಮಾಡ್ತಿದೀಯಲ್ಲಮ್ಮ, ಇದ್ರಾಗೆ ಏನ್ ಹಾಕವ್ರೆ ಓದೇಳು” ಎಂದರು. ಹಿಂದೆ ಮುಂದೆ ತಿರುಗಿಸಿದೆ. ಹೆಸರು, ಬೆಲೆ, ತಯಾರಿಕೆಯ ತಿಂಗಳು, ಲೈಸೆನ್ಸ್ ಸಂಖ್ಯೆ, ವಿಳಾಸ ಇದ್ದವು. “ಏನ್ ಹಾಕಿದಾರೆ ಅಂತ ಬರ್ದಿಲ್ಲ ಅಕ್ಕ” ಎಂದೆ. “ಬರ್ದಿಲ್ಲ ಅಂದ್ರೆ ಏನೂ ಹಾಕಿಲ್ಲ ಅಂತಾನಾ?” ಎಂದರು.

ಮುಂಭಾಗದ ಲೇಬಲ್ಲುಗಳ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಇದು. ಬಾಟಲಿಯ ಮೇಲೆ ‘ಇಲ್ಲ’ ಎಂದು ಬರೆದಿದ್ದರೆ ಅದು ಮೌಲ್ಯ. ಪ್ಯಾಕೆಟ್ಟಿನಲ್ಲಿ ಬರೆದಿರುವುದೇ ಇಲ್ಲ. ಇದು ಕಂಪನಿಯ ಕಳ್ಳತನವೂ ಅಲ್ಲ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಪಟ್ಟಿ ಮಾಡಬೇಕೆನ್ನುವ ನಿಯಮವೇ, 60 ಮಿಲಿಲೀಟರಿಗಿಂತ ಕಡಿಮೆಯ ದ್ರವಕ್ಕೆ ಮತ್ತು 30 ಗ್ರಾಮಿಗಿಂತ ಕಡಿಮೆಯ ಗಟ್ಟಿ, ಅರೆಗಟ್ಟಿ ವಸ್ತುಗಳಿಗೆ ವಿನಾಯಿತಿ ಕೊಟ್ಟಿದೆ. ಕೆಲವು ಕಂಪನಿಗಳು ತಾವಾಗಿಯೇ ಮುದ್ರಿಸುತ್ತವೆ, ಆದರೆ ಕಡ್ಡಾಯವಿಲ್ಲ. ಚಿಕ್ಕ ಪೊಟ್ಟಣದಲ್ಲಿ ಜಾಗವಿಲ್ಲ ಎಂಬುದು ಇದರ ಹಿಂದಿನ ತರ್ಕವಿರಬಹುದು. ಆದರೆ 1980ರ ದಶಕದಿಂದ, ತಮಿಳುನಾಡಿನ ಕಡಲೂರಿನ ಉದ್ಯಮಿಗಳು ಶಾಂಪೂವನ್ನು ಸ್ಯಾಷೆಗೆ ಇಳಿಸಿದ ಮೇಲೆ, ಈ ದೇಶದ ಅರ್ಧಕ್ಕರ್ಧ ತಲೆಗಳಿಗೆ ಚಿಕ್ಕ ಪೊಟ್ಟಣವೇ ಪೂರ್ತಿ ಶಾಂಪೂ. ವಾರಕ್ಕೊಂದು 2 ರೂಪಾಯಿಯ ಪ್ಯಾಕೆಟ್ ಕೊಳ್ಳುವವರು ವರ್ಷಕ್ಕೆ ಒಂದು ದೊಡ್ಡ ಬಾಟಲಿಯಷ್ಟನ್ನು ತಲೆಗೆ ಹಾಕಿಕೊಳ್ಳುತ್ತಾರೆ, ಒಂದು ಸಲವೂ ಪಟ್ಟಿಯನ್ನು ನೋಡದೆ.

ಅಕ್ಷರಸ್ಥರು ಓದುತ್ತಾರೆ, ಉಳಿದವರು ಓದುವುದಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ನಡೆದಿರುವುದು ಬೇರೆ. ಅಕ್ಕನಿಗೆ ಓದಲು ಬರುವುದಿಲ್ಲ ಎಂಬುದಲ್ಲ ಸಮಸ್ಯೆ. ಓದಲು ಪಠ್ಯವನ್ನೇ ಕೊಟ್ಟಿಲ್ಲ. ಎಷ್ಟು ಮಿಲಿಲೀಟರ್ ಕೊಳ್ಳುತ್ತೀರಿ ಎಂಬುದು ನೀವು ಓದುಗರೋ ಅಲ್ಲವೋ ಎಂದು ತೀರ್ಮಾನಿಸುತ್ತದೆ.

ಭಾಷೆಯ ಪ್ರಶ್ನೆ ಇದರ ಜೊತೆಗೇ ಇದೆ. ನಾಗಸಂದ್ರದಿಂದ ಮೆಟ್ರೊ ಹತ್ತಿದರೆ ಏಳನೆಯ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನ ಕಟ್ಟಿದ ಉದ್ಯಮ ಅದು. ಸಾಬೂನಿನ ಮೇಲೆ ಬರುವ ಟಿಎಫ್‌ಎಂ ಎಂಬ ಅಂಕಿ ನನಗೆ ಇಷ್ಟ. ಮೊದಲ ದರ್ಜೆಯ ಸ್ನಾನದ ಸಾಬೂನಿನಲ್ಲಿ ಕೊಬ್ಬಿನಾಂಶ ಕನಿಷ್ಠ ಶೇ. 76 ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಇಲ್ಲದ್ದನ್ನಲ್ಲ, ಇರುವುದನ್ನು ಹೇಳುವ ಮಾತು ಅದು. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್‌ಗೆ 6.2 ಕೋಟಿ ರೂಪಾಯಿಗೆ ತಮನ್ನಾ ಭಾಟಿಯಾ ರಾಯಭಾರಿಯಾದಾಗ ನಾಡಿನಲ್ಲಿ ದೊಡ್ಡ ಜಗಳವಾಯಿತು. ಡಬ್ಬಿಯ ಮುಂದೆ ಕನ್ನಡದ ಮುಖವಿರಬೇಕು ಎಂದು ವಾದಿಸಿದೆವು. ಯಾವುದೇ ಡಬ್ಬಿಯ ಹಿಂಭಾಗ ಕನ್ನಡದಲ್ಲಿರಬೇಕೇ ಎಂಬ ಮಾತು ನಾನು ಕಂಡ ಚರ್ಚೆಗಳಲ್ಲಿ ಬರಲಿಲ್ಲ. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಹೇಗೆ ಹಚ್ಚಬೇಕು ಎಂಬುದಕ್ಕೆ ಕನ್ನಡ ಸಾಕು, ಏನು ಹಚ್ಚುತ್ತಿದ್ದೇವೆ ಎಂಬುದಕ್ಕೆ ಬೇಡವೇ?

ಇಷ್ಟಾದರೂ ಓದಿಗೆ ಒಂದು ಮಿತಿಯಿದೆ, ಅದನ್ನು ಹೇಳದಿದ್ದರೆ ವಿಮರ್ಶೆಯೂ ಇನ್ನೊಂದು ಲೇಬಲ್ಲಾದೀತು. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2023ರಲ್ಲಿ, ಅಪರೂಪದ ಮೂತ್ರಪಿಂಡದ ಕಾಯಿಲೆಗೂ ಚರ್ಮ ಬೆಳ್ಳಗೆ ಮಾಡುವ ಕ್ರೀಮುಗಳಲ್ಲಿನ ಪಾದರಸಕ್ಕೂ ಇರುವ ನಂಟನ್ನು ಗುರುತಿಸಿದರು. ನಮ್ಮ ನಿಯಮದ ಪ್ರಕಾರ ಇಂಥ ಕ್ರೀಮಿನಲ್ಲಿ ಆಕಸ್ಮಿಕವಾಗಿ ಸೇರಿದ ಪಾದರಸವೂ 10 ಲಕ್ಷ ಭಾಗಕ್ಕೆ 1 ಭಾಗವನ್ನು ಮೀರುವಂತಿಲ್ಲ. ಮೀರಿಸಿದವರು ಅದನ್ನು ಲೇಬಲ್ಲಿನ ಮೇಲೆ ಬರೆಯುವುದಿಲ್ಲ. ಎಷ್ಟೇ ಜಾಣ ಓದುಗರೂ ಕಪಾಟಿನ ಮುಂದೆ ನಿಂತು ಪಾದರಸವನ್ನು ಓದಲಾರರು. ಅದನ್ನು ಓದಬಲ್ಲದ್ದು ಪ್ರಯೋಗಾಲಯ, ಅಂಗಡಿಗೆ ಬರುವ ಇನ್‌ಸ್ಪೆಕ್ಟರ್. ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಆ ಕೆಲಸಕ್ಕೆ ಇಳಿಯಿತು.

ಹೆದರಿ ಬಾಟಲಿ ತಿರುಗಿಸಿ ನೋಡುವ ಗ್ರಾಹಕರನ್ನು ನಾನು ಹಾಸ್ಯ ಮಾಡುತ್ತಿಲ್ಲ. ಯುರೋಪು ಸಾವಿರದ ಮುನ್ನೂರಕ್ಕೂ ಹೆಚ್ಚು ಪದಾರ್ಥಗಳನ್ನು ನಿಷೇಧಿಸಿರುವಾಗ ಹೆದರಿಕೆಗೆ ಕಾರಣವಿಲ್ಲವೆನ್ನಲಾಗದು. ನನ್ನ ತಕರಾರು, ಆ ಹೆದರಿಕೆಗೆ ಉತ್ತರವನ್ನು ನೂರಾರು ರೂಪಾಯಿಯ ಬಾಟಲಿಯಲ್ಲಿ ತುಂಬಿ, ಇಂಗ್ಲಿಷಿನಲ್ಲಿ ಬರೆದು, ಕಣ್ಣಿನ ಎತ್ತರಕ್ಕೆ ಇಡುವುದರ ಬಗ್ಗೆ. ಸುರಕ್ಷತೆ ಒಂದು ಬ್ರ್ಯಾಂಡಿನ ಗುಣವಾದರೆ ಅದಿಲ್ಲದ ಕಪಾಟುಗಳೂ ಇರಲೇಬೇಕಾಗುತ್ತದೆ. ಇಲ್ಲದಿದ್ದರೆ ಆ ಬ್ರ್ಯಾಂಡಿಗೆ ಬೆಲೆಯೇ ಇರದು. ಸ್ಯಾಷೆಯ ವಿನಾಯಿತಿ ಹೋಗಬೇಕು. ಜಾಗವಿಲ್ಲವೆಂದರೆ ಮಾಲೆಯ ತುದಿಗೆ ಒಂದು ಚೀಟಿ ಅಂಟಿಸಲಿ. ಎಚ್ಚರಿಕೆಗಳು ಕೂದಲ ಬಣ್ಣಕ್ಕೆ ಮಾತ್ರವಲ್ಲ, ಎಲ್ಲಕ್ಕೂ ಕನ್ನಡದಲ್ಲಿರಲಿ. ಪೆಟ್ಟಿಗೆ ಅಂಗಡಿಯ ಕ್ರೀಮಿನ ಮಾದರಿಯೂ ಪ್ರಯೋಗಾಲಯಕ್ಕೆ ಹೋಗಲಿ. ಆಗ 2 ರೂಪಾಯಿಯ ಪ್ಯಾಕೆಟ್ಟಿನಲ್ಲಿ ಏನು ಹಾಕಿದ್ದಾರೆಂದು ಓದಿಹೇಳಲು ಯಾರೂ ಪಿಎಚ್‌ಡಿ ಮಾಡುವವರನ್ನು ಹುಡುಕಬೇಕಾಗುವುದಿಲ್ಲ.