ನಾಲ್ಕೇ ಅಂಕದ ಆಟ

2017ರ ಫೆಬ್ರುವರಿ 10ರಂದು ಮೆಂಫಿಸ್‌ನಲ್ಲಿ ಪವರ್ ಫಾರ್ವರ್ಡ್ ಡ್ರೇಮಂಡ್ ಗ್ರೀನ್ ಗಳಿಸಿದ್ದು ನಾಲ್ಕೇ ಅಂಕ. ಅದರ ಜೊತೆಗೆ 12 ರೀಬೌಂಡ್, 10 ಅಸಿಸ್ಟ್, 10 ಸ್ಟೀಲ್, ಸಾಲದ್ದಕ್ಕೆ 5 ಬ್ಲಾಕ್! ಅಂಕದಲ್ಲಿ ಎರಡಂಕಿ ಮುಟ್ಟದೆ ಟ್ರಿಪಲ್ ಡಬಲ್ (ಮೂರು ವಿಭಾಗಗಳಲ್ಲಿ ಎರಡಂಕಿ) ಸಾಧಿಸಿದವರು ಎನ್‌ಬಿಎಯಲ್ಲಿ ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಪವರ್ ಫಾರ್ವರ್ಡ್ ಎಂದರೆ ಬ್ಯಾಸ್ಕೆಟ್ ಕೆಳಗೆ ಮೈಬಲದಿಂದ ಜಾಗ ಹಿಡಿಯುವವನು ಎಂದುಕೊಂಡವರು ಈ ಪಂದ್ಯವನ್ನೊಮ್ಮೆ ನೋಡಬೇಕು.

ಗ್ರೀನ್ ಆಡಿದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಒಂದು ಪಟ್ಟು ನನಗೆ ಎಷ್ಟು ನೋಡಿದರೂ ಸಾಲದು. ಸ್ಟೀಫನ್ ಕರಿಗೆ ಗ್ರೀನ್ ಸ್ಕ್ರೀನ್ ಹಾಕುತ್ತಾನೆ, ಅಂದರೆ ಕರಿಯನ್ನು ಕಾಯುವವನಿಗೆ ಅಡ್ಡ ನಿಲ್ಲುತ್ತಾನೆ. ಕರಿಯ ಮೂರಂಕದ ಎಸೆತಕ್ಕೆ ಹೆದರಿ ಇಬ್ಬರನ್ನು ಕಾಯುತ್ತಿದ್ದ ಎದುರಾಳಿಗಳಿಬ್ಬರೂ ಅವನ ಮೇಲೇ ಮುಗಿಬೀಳುತ್ತಾರೆ. ಅಷ್ಟರಲ್ಲಿ ಚೆಂಡು ಫ್ರೀ ಥ್ರೋ ಗೆರೆಯ ಹತ್ತಿರ ಗ್ರೀನ್ ಕೈ ಸೇರಿರುತ್ತದೆ. ಈಗ ಇವರು ನಾಲ್ವರು, ಅಡ್ಡ ನಿಂತವರು ಮೂವರೇ. ಬ್ಯಾಸ್ಕೆಟ್ ಕಾಯುವ ಎತ್ತರದವನು ಒಂದು ಹೆಜ್ಜೆ ಮುಂದೆ ಬಂದನೋ, ಅವನ ತಲೆಯ ಮೇಲಿಂದ ಪಾಸ್ ಹೋಗಿ ಡಂಕ್ ಆಗುತ್ತದೆ. ಬಾರದಿದ್ದರೆ ಗ್ರೀನ್ ತಾನೇ ಒಳನುಗ್ಗುತ್ತಾನೆ. ಮೂಲೆಯಲ್ಲಿದ್ದವನು ನೆರವಿಗೆ ಸರಿದರೆ ಚೆಂಡು ಆ ಮೂಲೆಗೇ. ಕಣ್ಣು ಮಿಟುಕಿಸುವುದರೊಳಗೆ ಈ ಲೆಕ್ಕವೆಲ್ಲ ಮುಗಿದಿರುತ್ತದೆ. ಎಂಥ ಬುದ್ಧಿ!

ಗ್ರೀನ್ ಎತ್ತರ 6 ಅಡಿ 6 ಅಂಗುಲ; ಪವರ್ ಫಾರ್ವರ್ಡ್ ಜಾಗಕ್ಕೆ ಕಡಿಮೆಯೇ. ಆದರೂ 2015ರ ಫೈನಲ್ಸ್‌ನಲ್ಲಿ ತಂಡ 1–2ರಿಂದ ಹಿಂದಿದ್ದಾಗ ಕೋಚ್ ಸ್ಟೀವ್ ಕೆರ್ ಸೆಂಟರ್ ಜಾಗಕ್ಕೆ ತಂದದ್ದು ಇವನನ್ನೇ. ಎದುರಾಳಿ ಕ್ಲೀವ್‌ಲ್ಯಾಂಡ್ ಕಡೆ ಏಳಡಿ ದಾಟಿದ ಸೆಂಟರ್ ಮೊಜ್ಗೋವ್ ಇದ್ದ. ವಾರಿಯರ್ಸ್ ಆಮೇಲಿನ ಮೂರೂ ಪಂದ್ಯ ಗೆದ್ದು ಪ್ರಶಸ್ತಿ ಎತ್ತಿತು.

ಬುದ್ಧಿಯ ಜೊತೆಗೆ ಅಂಕವೂ ಬೇಕು ಎನ್ನುವವರಿಗೆ ಇನ್ನೊಬ್ಬ ಪವರ್ ಫಾರ್ವರ್ಡ್ ಕೆವಿನ್ ಗಾರ್ನೆಟ್ ಇದ್ದಾನೆ. ಮಿನ್ನೆಸೋಟದಲ್ಲಿ 2003–04ರ ಋತುವಿನಲ್ಲಿ ಅವನ ಸರಾಸರಿ ಪಂದ್ಯಕ್ಕೆ 24.2 ಅಂಕ, 13.9 ರೀಬೌಂಡ್, 5 ಅಸಿಸ್ಟ್. 2004ರ ಮೇ 19, ಅವನ ಇಪ್ಪತ್ತೆಂಟನೆಯ ಹುಟ್ಟುಹಬ್ಬ. ಸ್ಯಾಕ್ರಮೆಂಟೊ ವಿರುದ್ಧ ಪ್ಲೇಆಫ್ ಸರಣಿಯ ಏಳನೆಯ, ನಿರ್ಣಾಯಕ ಪಂದ್ಯ. 32 ಅಂಕ, 21 ರೀಬೌಂಡ್, 5 ಬ್ಲಾಕ್, 4 ಸ್ಟೀಲ್. ಮುಂದಿನ ಸುತ್ತಿನಲ್ಲಿ ಪಾಯಿಂಟ್ ಗಾರ್ಡ್ ಸ್ಯಾಮ್ ಕಸೆಲ್ ಗಾಯಗೊಂಡು ಕೂತಾಗ, ಸುಮಾರು ಏಳಡಿಯ ಈ ಆಳು ಚೆಂಡು ತಟ್ಟುತ್ತ ಆಟ ನಡೆಸುವ ಹೊಣೆಯನ್ನೂ ಹೊತ್ತ. ಲೇಕರ್ಸ್ ಎದುರು ತಂಡ ಸೋತಿತು, ಅದು ಬೇರೆ ಮಾತು.

ಇದೇ ಜಾಗದಲ್ಲಿ ಆಡಿದ ಟಿಮ್ ಡಂಕನ್ ಇವರಲ್ಲಿ ಯಾರಿಗಿಂತಲೂ ಹೆಚ್ಚು ಪ್ರಶಸ್ತಿ ಗೆದ್ದವನು, ಹೌದು. ಆದರೆ ಕೋರ್ಟಿನ ಯಾವ ಜಾಗದಲ್ಲಿ ನಿಲ್ಲಿಸಿದರೂ ಆ ಜಾಗದವನೇ ಆಗಿಬಿಡುವ ಗುಣಕ್ಕೆ ನನ್ನ ಮತ ಗಾರ್ನೆಟ್‌ಗೆ, ಕೂದಲೆಳೆಯ ಅಂತರದಲ್ಲಿ ಅವನ ಹಿಂದೆಯೇ ಗ್ರೀನ್‌ಗೆ.