ರಾಜದೂತ್ 350 ಮತ್ತು ಯೆಜ್ಡಿ ರೋಡ್‌ಕಿಂಗ್: ಒಂದು ತೌಲನಿಕ ವಿಮರ್ಶೆ

ಟೂ-ಸ್ಟ್ರೋಕ್ ಬೈಕುಗಳು ಭಾರತದ ರಸ್ತೆಗಳಲ್ಲಿ ಮೆರೆದ ಕಾಲದ ರಾಜದೂತ್ 350 ಮತ್ತು ಯೆಜ್ಡಿ ರೋಡ್‌ಕಿಂಗ್‌ಗಳನ್ನು ಅಶ್ವಶಕ್ತಿಯೊಂದರಿಂದಲೇ ಅಳೆದರೆ ರಾಜದೂತ್ ಸುಲಭವಾಗಿ ಗೆಲ್ಲುತ್ತದೆ. ಆದರೆ ಓಡಿಸುವವನು ಬಯಸುವ ಗುಣಗಳೂ ಮೂಲರೂಪವನ್ನು ಕಾಯ್ದಿಡುವವನು ಬಯಸುವ ಗುಣಗಳೂ ಒಂದೇ ಗಾಡಿಯಲ್ಲಿ ಎಷ್ಟರಮಟ್ಟಿಗೆ ಕೂಡಿಬಂದಿವೆ ಎಂದು ಪರಿಶೀಲಿಸಿದಾಗ ಆ ಗೆಲುವು ಪ್ರಶ್ನಾರ್ಹವಾಗುತ್ತದೆ.

ಯಮಹಾ ಆರ್‌ಡಿ350ಯನ್ನು ಎಸ್ಕಾರ್ಟ್ಸ್ ಕಂಪನಿಯು ಪರವಾನಗಿ ಪಡೆದು 1983ರಿಂದ ರಾಜದೂತ್ ಹೆಸರಿನಲ್ಲಿ ತಯಾರಿಸಿತು. ಇದರ 347 ಸಿಸಿ ಎಂಜಿನ್ನಿಗೆ ಎರಡು ಸಿಲಿಂಡರುಗಳು, ಆರು ಗೇರುಗಳು ಹಾಗೂ ಒಳಹೊಕ್ಕ ಪೆಟ್ರೋಲ್-ಗಾಳಿಯ ಮಿಶ್ರಣ ಹಿಮ್ಮರಳದಂತೆ ತಡೆಯುವ ತೆಳು ಪಟ್ಟಿಗಳಿಂದಾದ ರೀಡ್ ವಾಲ್ವ್ ಇದ್ದವು. ಮೂಲದಲ್ಲಿ 39 ಅಶ್ವಶಕ್ತಿಯಷ್ಟಿದ್ದ ಸಾಮರ್ಥ್ಯವು ಇಲ್ಲಿನ ‘ಹೈ ಟಾರ್ಕ್’ ಮಾದರಿಯಲ್ಲಿ 30.5ಕ್ಕೂ, ಮೈಲೇಜ್ ಹೆಚ್ಚಿಸಲೆಂದು ಬಂದ ‘ಲೋ ಟಾರ್ಕ್’ ಮಾದರಿಯಲ್ಲಿ 27ಕ್ಕೂ ಇಳಿದರೂ, ಅಂದಿನ ಭಾರತೀಯ ಸವಾರನಿಗೆ ಅಂಥ ವೇಗ ಬೇರೆಲ್ಲೂ ದೊರೆಯುತ್ತಿರಲಿಲ್ಲ. ಆ ವೇಗವನ್ನು ಹಿಡಿದು ನಿಲ್ಲಿಸಬೇಕಾದ ಮುಂಚಕ್ರದಲ್ಲಿ ಮಾತ್ರ ಡಿಸ್ಕ್ ಬ್ರೇಕಿನ ಬದಲು ಡ್ರಮ್ ಬ್ರೇಕ್ ಅಳವಡಿಸಲಾಯಿತು. ಈ ಬೈಕಿನ ಅತಿದೊಡ್ಡ ದೋಷ ಇದೇ. ಇದರ ಇನ್ನೊಂದು ಅನುಕೂಲವೂ ಎಚ್ಚರ ಬೇಡುವಂಥದ್ದು: ಆಯಿಲನ್ನು ಪ್ರತ್ಯೇಕ ಪಂಪ್ ತಾನಾಗಿಯೇ ಒದಗಿಸುತ್ತದೆ, ಆದರೆ ಅದು ಕೆಟ್ಟರೆ ಪಿಸ್ಟನ್ ಬಿಸಿಯೇರಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವ, ಅಂದರೆ ಎಂಜಿನ್ ಸೀಜ್ ಆಗುವ, ಅಪಾಯವಿದೆ.

ಚೆಕೊಸ್ಲೊವಾಕಿಯಾದ ಜಾವಾ ತಂತ್ರಜ್ಞಾನವನ್ನು ಆಧರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1978ರಿಂದ ತಯಾರಾದ ರೋಡ್‌ಕಿಂಗ್‌ನ ಗುಣವೇ ಬೇರೆ. ಸುಮಾರು 250 ಸಿಸಿಯ, ಒಂದೇ ಸಿಲಿಂಡರಿನ, 16 ಅಶ್ವಶಕ್ತಿಯ ಈ ಎಂಜಿನ್ನಿಗೆ ನಾಲ್ಕೇ ಗೇರುಗಳು. ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ಕಿಕ್ ಹೊಡೆಯುವುದಕ್ಕೂ ಗೇರ್ ಬದಲಿಸುವುದಕ್ಕೂ ಒಂದೇ ಲಿವರ್. ಪಂಪಿನಂಥ ಸೂಕ್ಷ್ಮ ಭಾಗಗಳು ಕಡಿಮೆಯಿರುವ ಈ ರಚನೆಯನ್ನು ಸಾಮಾನ್ಯ ಮೆಕ್ಯಾನಿಕ್ ಕೂಡ ಬಿಚ್ಚಿ ಜೋಡಿಸಬಲ್ಲ. ಜೊತೆಗೆ ಗಾಡಿಯ ವೇಗವೂ ಅದರ ಡ್ರಮ್ ಬ್ರೇಕುಗಳ ಅಳವಿಗೆ ಮೀರಿದ್ದಲ್ಲ.

ರಾಜದೂತನ್ನು ನಿಶ್ಚಿಂತೆಯಿಂದ ಓಡಿಸಬಯಸುವವನು ಡಿಸ್ಕ್ ಬ್ರೇಕ್ ಹಾಕಿಸಲೇಬೇಕಾಗುತ್ತದೆ. ಹಾಕಿಸಿದೊಡನೆ, ಕಾರ್ಖಾನೆಯಿಂದ ಬಂದ ರೂಪಕ್ಕೇ ಬೆಲೆ ಕಟ್ಟುವ ಸಂಗ್ರಾಹಕನ ದೃಷ್ಟಿಯಲ್ಲಿ ಅದರ ಮೌಲ್ಯ ಕುಗ್ಗುತ್ತದೆ. ರೋಡ್‌ಕಿಂಗ್‌ನ ಒಡೆಯನಿಗೆ ಈ ಇಕ್ಕಟ್ಟಿಲ್ಲ, ಏಕೆಂದರೆ ಅದು ಮೂಲರೂಪದಲ್ಲಿಯೇ ದಿನಬಳಕೆಗೆ ಒದಗುತ್ತದೆ. ಎಂಜಿನ್ನಿನ ಪ್ರತಿಭೆಯಲ್ಲಿ ರಾಜದೂತ್ ನಿಸ್ಸಂದೇಹವಾಗಿ ಮೇಲು. ಹತ್ತಾರು ಕಿಲೋಮೀಟರ್ ಓಡಿಸಿ ಒಳಗಿಡುವ ಅಪರೂಪದ ವಸ್ತುವಾಗಿ ಅದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಒಂದೇ ಬೈಕಿನಲ್ಲಿ ಸವಾರಿಯೂ ಸಂಗ್ರಹವೂ ನಡೆಯಬೇಕೆನ್ನುವವನಿಗೆ ಅರ್ಧದಷ್ಟು ಶಕ್ತಿಯ ರೋಡ್‌ಕಿಂಗ್ ಹೆಚ್ಚು ಸಮತೂಕದ ಆಯ್ಕೆ.